ಉದ್ದ ಕೂದಲಿಗೆ ಮನೆಯಲ್ಲೇ ಕ್ರಿಂಪಿಂಗ್

ಏಣುಏಣಾದ ಎರಡು ಬಿಸಿ ಪ್ಲೇಟುಗಳಿರುವ ಮಷೀನ್‌ನಲ್ಲಿ ಕೂದಲನ್ನು ಒತ್ತಿ ಸಣ್ಣ ಸಣ್ಣ ಅಲೆ ಮೂಡಿಸುವುದೇ ಕ್ರಿಂಪಿಂಗ್. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಬೆಳೆಯುತ್ತದೆ. ಅಂದರೆ ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸು. ಅಷ್ಟು ಹಳೆಯ ತುದಿಗೂ ನೆತ್ತಿಯ ಹತ್ತಿರದ ಹೊಸ ಕೂದಲಿಗೂ ಒಂದೇ ಬಿಸಿ ಕೊಟ್ಟರೆ ತುದಿ ಸೀಳದೆ ಇನ್ನೇನಾಗುತ್ತದೆ? ಉದ್ದ ಕೂದಲಿನವರು ಮೊದಲು ನೆನಪಿಡಬೇಕಾದ್ದು ಇದನ್ನೇ.

ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಎಣ್ಣೆ ಪೂರ್ತಿ ಹೋಗಿರಲಿ. ಕೊಬ್ಬರಿ ಎಣ್ಣೆ ಉಳಿದ ಕೂದಲು ಜಾರುತ್ತದೆ, ಅಲೆ ನಿಲ್ಲುವುದಿಲ್ಲ. ಕಂಡೀಷನರ್ ತುದಿಗಷ್ಟೇ ಸಾಕು. ಕೂದಲು ಇನ್ನೂ ತುಸು ತೇವವಿರುವಾಗಲೇ ಬಿಸಿಯಿಂದ ಕಾಪಾಡುವ ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ ಹಾಕಿ ಬಾಚಿ, ಆಮೇಲೆ ಪೂರ್ತಿ ಒಣಗಲು ಬಿಡಿ. ಮೇಲೆ ಒಣಗಿದಂತೆ ಕಂಡರೂ ಕತ್ತಿನ ಹಿಂದೆ, ಒಳಪದರದಲ್ಲಿ ಹಸಿ ಉಳಿದಿರುತ್ತದೆ. ಅಲ್ಲಿ ಕೈಹಾಕಿ ನೋಡಿ, ತಣ್ಣಗೆ ಅನಿಸಿದರೆ ಇನ್ನೂ ಕಾಯಿರಿ. ಹಸಿ ಕೂದಲ ಮೇಲೆ ಮಷೀನ್ ಒತ್ತಿದರೆ ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆ ಏಳುತ್ತದೆ, ಎಳೆ ಅಲ್ಲಿಯೇ ತುಂಡಾಗುತ್ತದೆ. ‘ಚುಂಯ್’ ಅಂತ ಸದ್ದು ಕೇಳಿದರೆ ತಕ್ಷಣ ನಿಲ್ಲಿಸಿ.

ಬಿಸಿ ಎಷ್ಟು? ತೆಳು ಕೂದಲಿಗೆ, ಬಣ್ಣ ಹಾಕಿದ ಕೂದಲಿಗೆ 150 ಡಿಗ್ರಿ ಸೆಲ್ಸಿಯಸ್. ಸಾಧಾರಣ ಕೂದಲಿಗೆ 170ರಿಂದ 180. ತುಂಬ ದಪ್ಪ ಎಳೆಯಾದರೂ 200 ದಾಟಬಾರದು. ಬಿಸಿ ಹೊಂದಿಸುವ ಗುಂಡಿಯೇ ಇಲ್ಲದ ಮಷೀನ್‌ಗಳನ್ನು ಉದ್ದ ಕೂದಲಿಗೆ ಕೊಳ್ಳಬೇಡಿ.

ಕೂದಲನ್ನು ಕಿವಿಯಿಂದ ಕಿವಿಗೆ ಅಡ್ಡಡ್ಡ ಪದರ ಮಾಡಿ, ಮೇಲಿನದನ್ನು ಕ್ಲಿಪ್ ಹಾಕಿ ಎತ್ತಿಟ್ಟು, ಕತ್ತಿನ ಹತ್ತಿರದಿಂದ ಶುರು ಮಾಡಿ. ಒಂದೊಂದು ಗೊಂಚಲು ಪ್ಲೇಟಿನ ಅಗಲಕ್ಕಿಂತ ತುಸು ಕಡಿಮೆ ಇರಲಿ. ಹಿಂದೆ ಬೆರಳಿಟ್ಟರೆ ಕಾಣುವಷ್ಟು ತೆಳ್ಳಗಿರಲಿ. ದಪ್ಪ ಗೊಂಚಲು ಹಿಡಿದರೆ ಹೊರಗಿನ ಎಳೆ ಸುಡುತ್ತದೆ, ನಡುವಿನದು ನೇರವಾಗಿಯೇ ಉಳಿಯುತ್ತದೆ.

ನೆತ್ತಿಯಿಂದ 2 ಸೆಂ.ಮೀ. ಬಿಟ್ಟು ಒತ್ತಿ, ಮೂರರಿಂದ ಐದು ಸೆಕೆಂಡ್ ಹಿಡಿದು, ಮಷೀನಿನ ಬಾಯಿ ಪೂರ್ತಿ ತೆರೆದು ಕೆಳಗೆ ಹೋಗಿ. ಸ್ಟ್ರೇಟನರ್ ಹಾಗೆ ಎಳೆಯಲೇಬೇಡಿ. ಈಗ ಮೂಡಿದ ಕೊನೆಯ ಏಣಿನ ಮೇಲೆ ಪ್ಲೇಟಿನ ಮೊದಲ ಏಣು ಸರಿಯಾಗಿ ಕೂರಬೇಕು, ಬೀಗಕ್ಕೆ ಕೀ ಕೂತ ಹಾಗೆ. ಕೂರದಿದ್ದರೆ ಎರಡು ಒತ್ತುಗಳ ನಡುವೆ ಒಂದು ಚಪ್ಪಟೆ ಪಟ್ಟಿ ಕಾಣುತ್ತದೆ, ಉದ್ದ ಕೂದಲಲ್ಲಿ ಅದು ದೂರಕ್ಕೇ ಗೊತ್ತಾಗುತ್ತದೆ. ಕೊನೆಯ ಒಂದು ಗೇಣಿಗೆ ಎರಡೇ ಸೆಕೆಂಡ್, ಒಂದೇ ಸಲ.

ಮುಗಿದ ಮೇಲೆ ಕೈ ಹಾಕುವ ಆತುರ ಬೇಡ. ಕೂದಲಿನ ಆಕಾರ ಹಿಡಿದಿಡುವ, ಬಿಸಿಗೆ ಸಡಿಲಾದ ಹೈಡ್ರೋಜನ್ ಬಂಧಗಳು ತಣಿಯುವಾಗಲೇ ಹೊಸ ಆಕಾರದಲ್ಲಿ ಗಟ್ಟಿಯಾಗುವುದು. ಹತ್ತು ನಿಮಿಷ ಬಿಟ್ಟು ಬೆರಳಲ್ಲಷ್ಟೇ ಬಿಡಿಸಿ. ಬಾಚಿದರೆ ಹಿಂಜಿದ ಅರಳೆಯಂತಾಗುತ್ತದೆ. ಅದೇ ಬಂಧಗಳು ನೀರಿಗೂ ಸಡಿಲವಾಗುವುದರಿಂದ ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಅಲೆ ಬೇಗ ಇಳಿಯುತ್ತದೆ. ಇಳಿಯಿತೆಂದು ಅದೇ ದಿನ ಮತ್ತೆ ಮಷೀನ್ ಹಿಡಿಯುವ ಬದಲು ಜಡೆ ಹೆಣೆದುಬಿಡಿ.

ಬಿಸಿಯೇ ಬೇಡ ಅನ್ನುವವರು ಮುಕ್ಕಾಲುಪಾಲು ಒಣಗಿದ ಕೂದಲನ್ನು 12ರಿಂದ 16 ಸಣ್ಣ ಜಡೆಯಾಗಿ ಹೆಣೆದು ಮಲಗಬಹುದು. ಮಷೀನಿನ ಚೂಪು ಏಣು ಇದರಲ್ಲಿ ಬರುವುದಿಲ್ಲ, ಮೆತ್ತನೆಯ ಅಲೆ ಬರುತ್ತದೆ. ಜಡೆಯ ತುದಿಯನ್ನು ಮೇಲಕ್ಕೆ ಮಡಚಿ ರಬ್ಬರ್ ಬ್ಯಾಂಡ್ ಹಾಕಿ, ಇಲ್ಲವಾದರೆ ತುದಿ ಮಾತ್ರ ಪೊರಕೆಕಡ್ಡಿಯಂತೆ ನೇರ ನಿಲ್ಲುತ್ತದೆ. ಬೆಳಿಗ್ಗೆ ಒಂದು ಜಡೆ ಬಿಚ್ಚಿ ನೋಡಿ. ಒಳಗೆ ತೇವವಿದ್ದರೆ ಉಳಿದದ್ದನ್ನು ಬಿಚ್ಚಬೇಡಿ.

ಮದುವೆಗೆ ಮೊಗ್ಗಿನ ಜಡೆ ಹಾಕುವುದಾದರೆ ಇಡೀ ಕೂದಲನ್ನು ಕ್ರಿಂಪ್ ಮಾಡುವ ಅಗತ್ಯವೇ ಇಲ್ಲ. ಮೇಲಿನ ಪದರ ಬಿಟ್ಟು ಒಳಗಿನ ಕೂದಲ ಬುಡಕ್ಕೆ ನಾಲ್ಕು ಬೆರಳಷ್ಟು ಒತ್ತಿದರೆ ಸಾಕು, ಜಡೆ ತುಂಬಿಕೊಂಡು ಕಾಣುತ್ತದೆ, ಹೂವಿನ ಭಾರಕ್ಕೆ ಪಿನ್ನು ಜಾರುವುದಿಲ್ಲ. ಚೌರಿ ಸೇರಿಸುವುದಿದ್ದರೆ ಇದೆಲ್ಲ ಮುಗಿದ ಮೇಲೆಯೇ ಸೇರಿಸಿ. ಅದು ಸಿಂಥೆಟಿಕ್ ಆಗಿದ್ದರೆ ಕರಗಿ ಪ್ಲೇಟಿಗೂ ನಿಮ್ಮ ಕೂದಲಿಗೂ ಅಂಟಿಕೊಳ್ಳುತ್ತದೆ.