ಮೂರು ಪುಟ ಬೈಗುಳ, ಹನ್ನೊಂದು ರೀಮು ಕಾಗದ

ಗದಗ-ಬೆಟಗೇರಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಮಿರಗದ ಮಳೆ ಶುರುವಾಗಿತ್ತು. ಶಾಲೆ ತೆರೆಯುವ ಹೊತ್ತು, ನೋಟ್‌ಬುಕ್ ಕೆಲಸ ಮೈಮೇಲೆ ಬಿದ್ದಿತ್ತು. ಆಗಲೇ 40 ರೀಮು ಕಾಗದದ ಲಾರಿ ಬಂತು. ತಾಡಪತ್ರಿ ಹರಿದಿತ್ತು. 11 ರೀಮು ತೊಯ್ದು ಉಬ್ಬಿದ್ದವು.

ಡ್ರೈವರ್‌ಗೆ ಅವಸರ. ನಾನು ಸಹಿ ಹಾಕಲು ಪೆನ್ನು ತೆಗೆದೆ. ಹಮಾಲಿ ಕಾಕಾ ತಡೆದರು.

'ಸುಮ್ನ ಸಹಿ ಹಾಕಬ್ಯಾಡ್ರಿ. ಹನ್ನೊಂದು ತೊಯ್ದಾವ ಅಂತ ಮೊದ್ಲ ಅದರ ಮ್ಯಾಲೆ ಬರೀರಿ.'

ಎಲ್‌ಆರ್, ಅಂದರೆ ಲಾರಿ ರಸೀದಿಯ ಪ್ರತಿಯ ಮೇಲೆ ಹಾಗೇ ಬರೆದೆ. ಆ ಒಂದು ಸಾಲು ಇಲ್ಲದಿದ್ದರೆ ಮಾಲು ಸರಿಯಾಗಿ ಮುಟ್ಟಿತು ಅಂತ ನಾನೇ ಬರೆದುಕೊಟ್ಟಂತೆ ಆಗುತ್ತಿತ್ತು, ಅಲ್ವಾ?

ರಾತ್ರಿ ಕೂತು ಟ್ರಾನ್ಸ್‌ಪೋರ್ಟಿನವರಿಗೆ ಇಂಗ್ಲಿಷಿನಲ್ಲಿ ಮೂರು ಪುಟ ಬರೆದೆ. ಅವರ ಬೇಜವಾಬ್ದಾರಿ, ಡ್ರೈವರ್‌ನ ಸೊಕ್ಕು, ನಮಗಾದ ತ್ರಾಸು, ಏನನ್ನೂ ಬಿಡಲಿಲ್ಲ. ಕೊನೆಗೆ ಹಳೇ ಫೈಲಿನಿಂದ ಎತ್ತಿದ 'ಐ ಬೆಗ್ ಟು ರಿಮೇನ್'. ಬರೆದ ಮೇಲೆ ನಿದ್ದೆ ಚೆನ್ನಾಗಿ ಬಂತು.

ಬೆಳಿಗ್ಗೆ ಯಜಮಾನರು ಚಾ ಕುಡಿಯುತ್ತಾ ಓದಿದರು.

'ಮೂರು ಪುಟ ಬೈದು ಕಡೀಕ ಬೇಡಾಕ ಹತ್ತೀಯಲ್ಲೋ ತಮ್ಮಾ! ಇರ್ಲಿ, ರೊಕ್ಕ ಎಷ್ಟು ಕೊಡಬೇಕಂತ ಎಲ್ಲೈತಿ?'

ಹುಡುಕಿದೆ. ಎಲ್ಲೂ ಇರಲಿಲ್ಲ.

ಎರಡನೇ ಪತ್ರ ಒಂದೇ ಪುಟ. ವಿಷಯದ ಸಾಲಿನಲ್ಲೇ ಎಲ್‌ಆರ್ ನಂಬರು, ಬುಕಿಂಗ್ ತಾರೀಖು, ಕ್ಲೇಮಿನ ಮೊತ್ತ. ಅಷ್ಟನ್ನೇ ಓದಿದರೂ ಅವರ ಗುಮಾಸ್ತನಿಗೆ ಫೈಲು ಸಿಗಬೇಕು ಅನ್ನೋದು ಯಜಮಾನರ ಲೆಕ್ಕ. ಬುಕಿಂಗ್ ತಾರೀಖಿಗೆ ಇನ್ನೊಂದು ಕಾರಣವೂ ಇದೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಮುಂದೆ ಕೋರ್ಟಿಗೆ ಹೋಗಬೇಕಾದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸು ಮುಟ್ಟಿರಬೇಕು.

'ನೀವು ತೊಯ್ಸಿದ್ದೀರಿ' ಅನ್ನೋದು 'ತೊಯ್ದು ಬಂದಿವೆ' ಅಂತಾಯಿತು. ನನಗೆ ಇದು ಹೇಡಿತನ ಅನ್ನಿಸಿತು. ಆದರೆ ಸಾಗಿಸುವವರ ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಹೊರೆ ಮಾಲಿನವರ ಮೇಲಿಲ್ಲವಂತೆ. ಹಂಗಿದ್ದರೆ ಬೈದು ಜಗಳಕ್ಕೆ ದಾರಿ ಯಾಕೆ ಮಾಡಿಕೊಡಬೇಕು? ಲೆಕ್ಕವನ್ನು ಮಾತ್ರ ಬಿಡಿಸಿ ಬರೆದೆವು: ರೀಮಿಗೆ 1,450 ರೂಪಾಯಿಯಂತೆ 11 ರೀಮಿಗೆ 15,950. 15 ದಿನದಲ್ಲಿ ಕೊಡಿ. ಜೊತೆಗೆ ಬಿಲ್ಲು, ಎಲ್‌ಆರ್, ಫೋಟೋ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ಅಕ್ನಾಲೆಜ್‌ಮೆಂಟ್ ಕಾರ್ಡು ಬಂದ ಮೇಲೆ ಫೈಲಿಗೆ ಅಂಟಿಸಿದೆ.

ಉತ್ತರವೂ ಹಾಗೇ ಬಂತು, ಎರಡೇ ಸಾಲು: ತೊಯ್ದ ಕಾಗದದ ರದ್ದಿ ಬೆಲೆ ಕಳೆದು ಉಳಿದದ್ದು ಕೊಡುತ್ತೇವೆ. ಯಜಮಾನರು ಗೊಣಗಿದರು, ಒಪ್ಪಿದರು.

ಆದರೆ ರದ್ದಿಯನ್ನು ಮಾರಲೇ ಇಲ್ಲ. ನಾನು ಯಾರ ಮೇಲಾದರೂ ಸಿಟ್ಟಾಗಿ ಪತ್ರ ಬರೆಯಲು ಕೂತರೆ ಸಾಕು, ಅದರಿಂದ ನಾಲ್ಕು ಸೊಟ್ಟ ಹಾಳೆ ಎಳೆದು ಮುಂದಿಡುತ್ತಿದ್ದರು.

'ಮೊದ್ಲ ಇದರಾಗ ಬೈದು ಮುಗಸು.'