ಐನ್‌ಮನೆಗೆ ಹೋದ ಏಳು ಲಕೋಟೆ

ಸೋಮವಾರ ನಾನು ಕಚೇರಿಗೆ ಬರುವಷ್ಟರಲ್ಲೇ ಒಬ್ಬರು ಅಜ್ಜ ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಏಳು ಲಕೋಟೆ. ರಬ್ಬರ್ ಬ್ಯಾಂಡ್ ಹಾಕಿ, ನೆನೆಯದ ಹಾಗೆ ಪ್ಲಾಸ್ಟಿಕ್ ಸುತ್ತಿಕೊಂಡು ತಂದಿದ್ದರು. ದೂರದಿಂದಲೇ ಗುರುತು ಸಿಕ್ಕಿತು. ಮೇಲಿನ ವಿಳಾಸ ನನ್ನ ಕೈಬರಹ.

ನಾನು ಕೊಡಗಿನ ಕಂದಾಯ ಕಚೇರಿಯೊಂದರ ರವಾನೆ ವಿಭಾಗದಲ್ಲಿದ್ದೇನೆ. ಟಪಾಲು ಹೊರಗೆ ಹೋಗುವುದು ನನ್ನ ಕೈಯಿಂದಲೇ.

ಅಜ್ಜ ಏಳನ್ನೂ ನನ್ನ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. "ಇದು ನಂದು. ಇದು ನನ್ನ ಹೆಂಡತಿದು. ಈ ಮೂವರು ಊರಲ್ಲಿಲ್ಲ. ಇವನು ನನ್ನ ದೊಡ್ಡಪ್ಪನ ಮಗ, ತೀರಿಕೊಂಡು ಹದಿನೈದು ವರ್ಷ ಆಯ್ತು." ಕೊನೆಯ ಲಕೋಟೆಯನ್ನು ಕೂಡಲೇ ಇಡಲಿಲ್ಲ. "ಇದು ನನ್ನ ತಮ್ಮನದ್ದು. ಹೋದ ವರ್ಷ ಹೋದ. ಪೋಸ್ಟ್‌ಮ್ಯಾನ್ ಸಹಿ ಕೇಳಿದ. ಅವನದಕ್ಕೂ ನಾನೇ ಹಾಕಿದೆ. ತಪ್ಪಾಯ್ತಾ ಅಮ್ಮಾ?"

"ಇಲ್ಲ ಅಜ್ಜ" ಅಂದೆ. ಅಷ್ಟೇ ಅಂದೆ. ಈ ವಾರ ಪೂರ್ತಿ ಆ ಮಾತು ಕಿವಿಯಲ್ಲೇ ಇದೆ. ತಪ್ಪಾಯ್ತಾ ಅಮ್ಮಾ?

ಜಮ್ಮಾ ಜಾಗ ಅಂದರೆ ಒಕ್ಕಕ್ಕೆ, ಅಂದರೆ ಒಂದು ಮನೆತನಕ್ಕೆ, ತಲೆಮಾರಿನಿಂದ ಬಂದ ಜಮೀನು. ಅದರ ಪಹಣಿ ನೋಡಿದವರಿಗೆ ಗೊತ್ತು. ಒಂದೇ ಸರ್ವೆ ನಂಬರಿಗೆ ಒಕ್ಕದವರ ಹೆಸರು ಸಾಲುಸಾಲಾಗಿ ಇರುತ್ತದೆ. ಯಾರೋ ಒಬ್ಬರು ಅರ್ಜಿ ಹಾಕಿದರೆ ವಿಚಾರಣೆಯ ನೋಟಿಸ್ ಎಲ್ಲರಿಗೂ ಹೋಗಬೇಕು. ಈ ಫೈಲಿನಲ್ಲಿ 27 ಹೆಸರು. ಏಳು ಜನರ ವಿಳಾಸ ಇದ್ದ ಕಡೆ ಒಕ್ಕದ ಮೂಲ ಮನೆಯಾದ ಐನ್‌ಮನೆಯ ಹೆಸರು ಮಾತ್ರ ಇತ್ತು. ನಾನು ಅದನ್ನೇ ನೋಡಿಕೊಂಡು ಬರೆದೆ. ಆ ಐನ್‌ಮನೆಯಲ್ಲಿ ಈಗ ಇರುವುದು ಅಜ್ಜ, ಅಜ್ಜಿ ಇಬ್ಬರೇ. ಉಳಿದವರು ಬರುವುದು ಹುತ್ತರಿ ಹಬ್ಬಕ್ಕೆ, ಕಾರಣರಿಗೆ ಅಂದರೆ ತೀರಿಹೋದ ಹಿರಿಯರಿಗೆ ಎಡೆ ಕೊಡುವ ದಿನಕ್ಕೆ.

ನನಗೆ ಜಾಸ್ತಿ ಬೇಸರ ಆಗಿದ್ದಕ್ಕೆ ಇನ್ನೊಂದು ಕಾರಣ ಇದೆ. ಅಂಚೆ ಖರ್ಚು ಕಡಿಮೆ ಮಾಡಿ ಅಂತ ಹೋದ ತಿಂಗಳಷ್ಟೇ ಮೀಟಿಂಗ್‌ನಲ್ಲಿ ಸಾಹೇಬರು ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಮೊದಲು 20 ಗ್ರಾಂ ಒಳಗಿನ ರಿಜಿಸ್ಟರ್ಡ್ ಕವರಿಗೆ ಜಿಎಸ್‌ಟಿ ಬಿಟ್ಟು 22 ರೂಪಾಯಿ ಸಾಕಿತ್ತು. ಅಕ್ಟೋಬರ್‌ನಿಂದ ಸ್ಪೀಡ್ ಪೋಸ್ಟ್‌ಗೆ 50 ಗ್ರಾಂವರೆಗೆ ಊರೊಳಗೆ 19, ಹೊರಗೆ ಎಲ್ಲಿಗಾದರೂ 47, ಮೇಲೆ ಜಿಎಸ್‌ಟಿ. ನಮ್ಮ ಟಪಾಲಿನಲ್ಲಿ ಊರೊಳಗಿನದು ಎಷ್ಟಿರುತ್ತದೆ ಹೇಳಿ.

ಹಾಗಾಗಿ ನಾನು ತೂಕದ ಹಿಂದೆ ಬಿದ್ದೆ. ಒಂದು ಎ4 ಹಾಳೆ ಸುಮಾರು ನಾಲ್ಕೂವರೆ, ಐದು ಗ್ರಾಂ ಬರುತ್ತದೆ. ಹತ್ತು ಹಾಳೆ ಮತ್ತು ದಪ್ಪ ಕವರ್ ಸೇರಿದರೆ 50 ದಾಟುತ್ತದೆ. ದಾಟಿದರೆ 200 ಕಿಲೋಮೀಟರ್ ಒಳಗೇ 59 ರೂಪಾಯಿ. ಎರಡೂ ಬದಿ ಪ್ರಿಂಟ್ ತೆಗೆದರೆ ಐದೇ ಹಾಳೆ, 47ರಲ್ಲೇ ಮುಗಿಯುತ್ತದೆ. ಒಂದು ಕವರಿಗೆ 12 ರೂಪಾಯಿ ಉಳಿತಾಯ. ಇ-ಆಫೀಸ್‌ನಲ್ಲಿ ಕಂಪ್ಯೂಟರ್ ಮೂಲಕವೇ ಹೋಗಬಹುದಾದ ಪತ್ರಕ್ಕೆ ಅಂಚೆ ಚೀಟಿ ಹಚ್ಚುವುದನ್ನು ನಿಲ್ಲಿಸಿದೆ. ಒಂದೇ ಕಚೇರಿಗೆ ಹೋಗುವ ನಾಲ್ಕು ಪತ್ರವನ್ನು ಒಂದೇ ಲಕೋಟೆಗೆ ಹಾಕಿದೆ. ಚೀಟಿ ಲೆಕ್ಕದ ವಹಿ ನೋಡಿದಾಗ ಖುಷಿಯೂ ಆಗಿತ್ತು.

ಆ 27 ಕವರಿನ ತೂಕ ಸರಿಯಾಗಿಯೇ ಇತ್ತು. ಆ ಹೆಸರಿನವರು ಇದ್ದಾರಾ ಅಂತ ಮಾತ್ರ ನಾನು ನೋಡಿರಲಿಲ್ಲ.

ಜಿಎಸ್‌ಟಿ ಬಿಟ್ಟರೂ 27 ಕವರಿಗೆ 1269 ರೂಪಾಯಿ. ಐನ್‌ಮನೆಗೆ ಹೋದ ಏಳರಲ್ಲಿ ಉಪಯೋಗಕ್ಕೆ ಬಂದಿದ್ದು ಎರಡೇ. ತೀರಿಕೊಂಡವರ ಜಾಗಕ್ಕೆ ಅವರ ವಾರಸುದಾರರ ಹೆಸರು ಬರಬೇಕು. ಅದಕ್ಕೆ ವಿಚಾರಣೆ ಮುಂದೆ ಹೋಗುತ್ತದೆ. ದಿನಾಂಕ ಬದಲಾದರೆ ಎಲ್ಲರಿಗೂ ಮತ್ತೆ ನೋಟಿಸ್, ಮತ್ತೆ 1269ರ ಮೇಲೆ. ಎರಡು ಬದಿ ಪ್ರಿಂಟ್ ತೆಗೆದು ಒಂದು ತಿಂಗಳು ನಾನು ಉಳಿಸಿದ್ದು ಇಷ್ಟಾಗಿರಲಿಕ್ಕಿಲ್ಲ.

ಪಕ್ಕದ ಮೇಜಿನವರು "ನಮ್ಮ ಕೈಯಿಂದ ಹೋಗುವ ದುಡ್ಡಾ ಅದು? ರೆಕಾರ್ಡಿನಲ್ಲಿ ಇರೋದನ್ನ ಬರೆದಿದ್ದೀಯ, ಬಿಡು" ಅಂದರು. ಅವರು ಒಳ್ಳೆಯವರು, ನನಗೆ ಈ ಕೆಲಸ ಕಲಿಸಿದವರು. ಆದರೆ ಈ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಕೈಯಿಂದ ಹೋಗುವುದಿಲ್ಲ, ನಿಜ. ಅಜ್ಜನ ಕೈಯಿಂದ ಹೋಯಿತಲ್ಲ. ಈಗ ರೋಬಸ್ಟಾ ಕುಯ್ಲಿನ ಸಮಯ. ಕೆಲಸದವರು ಸಿಗುವುದೇ ಕಷ್ಟ. ಕಣದಲ್ಲಿ ಕಾಫಿ ಹರಡಿ, ಅಜ್ಜಿಯನ್ನು ಕಾವಲಿಗೆ ಬಿಟ್ಟು, ಎರಡು ಬಸ್ ಹಿಡಿದು ಅವರು ಬಂದಿದ್ದರು. ಅವತ್ತು ಮೋಡ ಕಟ್ಟಿತ್ತು. ನನ್ನ ಜೊತೆ ಮಾತಾಡುವಾಗಲೂ ನಡುನಡುವೆ ಕಿಟಕಿ ಕಡೆ ನೋಡುತ್ತಿದ್ದರು. ಕಣದಲ್ಲಿದ್ದ ಕಾಫಿ ನೆನೆದರೆ ಅವರ ಒಂದು ವರ್ಷದ ದುಡಿಮೆ ಹಾಳು. ಅದನ್ನು ಯಾವ ವಹಿಯಲ್ಲಿ ಬರೆಯುವುದು?

ಲೈನ್ ಮನೆಯಲ್ಲಿರುವ ತೋಟದ ಕೂಲಿಯವರ ನೆನಪೂ ಬಂತು. ಎಸ್ಟೇಟಿನ ಹೆಸರು ಬಿಟ್ಟರೆ ಅವರಿಗೆ ಬೇರೆ ವಿಳಾಸ ಇಲ್ಲ. ಅಂಥವರ ಕವರ್ ವಾಪಸ್ ಬಂದರೆ ನಾವು ಫೈಲಿಗೆ ಹಚ್ಚಿ ಸುಮ್ನೆ ಇಟ್ಟುಬಿಡುತ್ತೇವೆ. ಅವರಿಗೆ ಅಜ್ಜನ ಹಾಗೆ ಬಂದು ಕೇಳಲಿಕ್ಕೂ ಆಗುವುದಿಲ್ಲ. ಬಂದರೆ ಆ ದಿನದ ಕೂಲಿ ಹೋಯಿತು.

ಮಂಗಳವಾರ ಸಾಹೇಬರ ಹತ್ತಿರ ಹೋಗಿ ಹೇಳಿದೆ. ನೋಟಿಸ್ ಕಳಿಸುವ ಮೊದಲು ಹೆಸರಿನ ಪಟ್ಟಿ ಒಮ್ಮೆ ಗ್ರಾಮ ಆಡಳಿತ ಅಧಿಕಾರಿ ಹತ್ತಿರ ಹೋಗಿ ಬರಲಿ. ಯಾರಿದ್ದಾರೆ, ಯಾರಿಲ್ಲ, ಯಾರು ಎಲ್ಲಿದ್ದಾರೆ ಅಂತ ಅವರು ಷರಾ ಬರೆಯಲಿ. ಊರಲ್ಲೇ ಇರುವವರಿಗೆ ಗ್ರಾಮ ಸಹಾಯಕರು ಮನೆಗೆ ಹೋಗಿ ಕೊಟ್ಟು ಸಹಿ ತರಲಿ. ಅಂಚೆಗೆ ಹಾಕುವುದು ಹೊರಗಿರುವವರದ್ದು ಮಾತ್ರ. ಸಾಹೇಬರು ಪೂರ್ತಿ ಕೇಳಿದರು. "ಈ ಫೈಲಿನಿಂದಲೇ ಶುರು ಮಾಡಿ" ಅಂದರು.

ಸೋಮವಾರ ಅಜ್ಜ ಹೋಗುವ ಮೊದಲು ತಮ್ಮನ ಲಕೋಟೆಯ ಹಿಂದೆಯೇ ಆ ಮೂವರ ವಿಳಾಸ ಬರೆದುಕೊಟ್ಟಿದ್ದರು. ಮೈಸೂರು, ಬೆಂಗಳೂರು, ಕುಶಾಲನಗರ. ದುಂಡಗಿನ ಅಕ್ಷರ. ಪಿನ್ ಕೋಡ್ ಗೊತ್ತಿಲ್ಲ, ಕೇಳಿ ಫೋನ್ ಮಾಡುತ್ತೇನೆ ಅಂದಿದ್ದರು. ಗುರುವಾರ ಮಾಡಿದರು. ಒಂದೊಂದೇ ಅಂಕಿ ಬಿಡಿಸಿ ಹೇಳಿದರು.

"ಕಾಫಿ ನೆನೀತಾ ಅಜ್ಜ?" ಅಂತ ಕೇಳಿದೆ.

"ಇಲ್ಲ, ಹನಿ ಬೀಳೋ ಹೊತ್ತಿಗೆ ಬಂದು ಟಾರ್ಪಾಲ್ ಹಾಕಿದೆ."

ಆಮೇಲೆ ಸೋಮವಾರ ಹೇಳಬೇಕಿದ್ದ ಮಾತು ಹೇಳಿದೆ. "ಅಜ್ಜ, ಸಹಿ ಹಾಕಿದ್ದು ನಿಮ್ಮ ತಪ್ಪಲ್ಲ. ಅವರ ಹೆಸರಿಗೆ ಕಳಿಸಿದ್ದು ನಮ್ಮ ತಪ್ಪು."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ.

"ಕೊನೇ ಪಿನ್ ಕೋಡ್ ಸರಿಯಾಗಿ ಬರೆದುಕೊಂಡ್ರಾ ಅಮ್ಮಾ?" ಅಂದರು. ಇನ್ನೊಮ್ಮೆ ಓದಿ ಹೇಳಿದೆ.