ಯಾವ ಉತ್ತರ?

ಹೋದ ವರ್ಷದ ಆ ಡೆಮೊ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಟ್ಟಡ ಸುಮಾರು 3,200 ವರ್ಷ ಹಳೆಯದು, ಕಲ್ಲಿನದು. ಸ್ಕ್ಯಾನ್ ತಂಡ ಪಾಯಿಂಟ್ ಕ್ಲೌಡ್, ಅಂದರೆ ಅಳೆದ ಬಿಂದುಗಳ ರಾಶಿ, ಕೊಟ್ಟಿತ್ತು. ಅದನ್ನು ಮೆಶ್ (3ಡಿ ಮಾಡೆಲ್) ಮಾಡಿ, ಯಾವ ಕಾಲದ ಆಕಾಶವನ್ನಾದರೂ ತೋರಿಸುವ ಸ್ಟೆಲೇರಿಯಂ ಅನ್ನುವ ಸಾಫ್ಟ್‌ವೇರ್‌ಗೆ ಹಾಕಬೇಕು. ವರ್ಷದ ಅತಿ ಚಿಕ್ಕ ಹಗಲಿನಂದು, ಕಟ್ಟಿದ ಕಾಲದಲ್ಲಿ, ಬೆಳಗಿನ ಬಿಸಿಲು ಒಳಗೆ ಎಲ್ಲಿಗೆ ಬೀಳುತ್ತಿತ್ತು ಅಂತ ನೋಡಬೇಕು. ಮ್ಯಾನೇಜರ್‌ಗೆ ಮಾತ್ರ ಈಜಿಪ್ಟಿನ ಅಬು ಸಿಂಬೆಲ್ ದೇವಾಲಯದ ಹುಚ್ಚು. ಅಲ್ಲಿ ಫೆಬ್ರವರಿ, ಅಕ್ಟೋಬರ್ 22ರ ಸುಮಾರಿಗೆ ಬಿಸಿಲು ಒಳಗಿನ ವಿಗ್ರಹಗಳವರೆಗೂ ಹೋಗುತ್ತದಲ್ಲ, ಅಂಥದ್ದೇ ವಿಡಿಯೊ ಬೇಕಂತೆ.

ಸಣ್ಣ ಪುಟ್ಟದ್ದನ್ನೆಲ್ಲ ನಾನು ಹುಷಾರಾಗಿಯೇ ಮಾಡಿದ್ದೆ. ಸಾಫ್ಟ್‌ವೇರ್ ಸೊನ್ನೆ ವರ್ಷವನ್ನೂ ಎಣಿಸುವುದರಿಂದ ಕ್ರಿ.ಪೂ. 1200 ಅಂದರೆ ಅಲ್ಲಿ -1199, ಗೊತ್ತಿತ್ತು. ಅಷ್ಟು ಹಿಂದಕ್ಕೆ ಹೋದರೆ ಅದು ಜೂಲಿಯನ್ ಕ್ಯಾಲೆಂಡರ್ ಹಿಡಿಯುತ್ತದೆ, ಅದರಲ್ಲಿ ಅತಿ ಚಿಕ್ಕ ಹಗಲಿನ ತಾರೀಖೇ ಬೇರೆ, ಡಿಸೆಂಬರ್ 21 ಅಂತ ಹಾಕಿದರೆ ಕೆಟ್ಟೆ, ಅದೂ ಗೊತ್ತಿತ್ತು. ಭೂಮಿಯ ಅಕ್ಷದ ಓರೆ ಈಗ 23.4 ಡಿಗ್ರಿ, ಆಗ ಸುಮಾರು 23.8. ಎದುರಿನ ಗುಡ್ಡದ ಎತ್ತರವನ್ನೂ ಸೇರಿಸಿದ್ದೆ. ಪ್ಲೇ ಒತ್ತಿದರೆ ಬಿಸಿಲು 25 ಮೀಟರ್ ಒಳಗೆ ಹೋಗಿ, ಹಿಂಗೋಡೆಯ ಗೂಡಿನ ನಟ್ಟ ನಡುವೆ ನಿಂತಿತು. ಆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಡೆಮೊದಲ್ಲಿ ಚಪ್ಪಾಳೆಯೂ ಬಿತ್ತು. ಆಮೇಲೆ ಖಗೋಳದ ಮೇಡಂ ಕೇಳಿದರು, "ಇದು ಯಾವ ಉತ್ತರ?"

"ಯಾವ ಪ್ರಶ್ನೆಗೆ, ಮೇಡಂ?" ಅಂದೆ.

ಇಬ್ಬರು ನಕ್ಕರು. ಅವರು ನಗಲಿಲ್ಲ. "ಗ್ರಿಡ್ ಉತ್ತರವೋ, ನಿಜ ಉತ್ತರವೋ?" ಕೇಳಿದ್ದು ದಿಕ್ಕಿನ ಬಗ್ಗೆ: ನಕ್ಷೆಯ ಚೌಕಳಿಯ ಗೆರೆ ತೋರಿಸುವ ಉತ್ತರವೋ, ಧ್ರುವದ ಕಡೆಗಿನ ಉತ್ತರವೋ ಅಂತ.

"ನಿಜ ಉತ್ತರವೇ" ಅಂತ ಬಾಯಿ ತುದಿಗೆ ಬಂದಿತ್ತು. ಯಾಕೋ ಹೇಳಲಿಲ್ಲ. ಎಲ್ಲರ ಮುಂದೆ, ದೊಡ್ಡ ಪರದೆಯ ಮೇಲೆಯೇ ಸೆಟ್ಟಿಂಗ್ಸ್ ಫೈಲ್ ತೆರೆದೆ. ಕನ್ವರ್ಜೆನ್ಸ್, ಅಂದರೆ ಆ ಎರಡು ಉತ್ತರಗಳ ನಡುವಿನ ಕೋನ, ಅನ್ನುವ ಸಾಲಿನ ಮುಂದೆ ಸೊನ್ನೆ. ಸ್ಕ್ಯಾನ್ ಬಂದಿದ್ದು ಯುಟಿಎಂನಲ್ಲಿ, ಅಂದರೆ ಭೂಮಿಯನ್ನು ಉದ್ದುದ್ದ ಜೋನುಗಳಾಗಿ ಹಂಚಿಕೊಂಡ ನಕ್ಷೆಯ ಚೌಕಳಿಯಲ್ಲಿ. ಜೋನಿನ ನಡುಗೆರೆಯಿಂದ ಪಕ್ಕಕ್ಕೆ ಹೋದಷ್ಟೂ ಅದರ ಉತ್ತರ ನಿಜ ಉತ್ತರದಿಂದ ಓರೆಯಾಗುತ್ತದೆ. ಜೋನಿನ ನಡುಗೆರೆಯಿಂದ ಜಾಗ ಎರಡು ಡಿಗ್ರಿಗೂ ಜಾಸ್ತಿ ಪಕ್ಕಕ್ಕಿದೆ. ಕೈ ನಡುಗುತ್ತಾ ಲೆಕ್ಕ ಹಾಕಿದೆ: 1.1 ಡಿಗ್ರಿ. ಆಕಾಶದಲ್ಲಿ ಸೂರ್ಯನ ಅಗಲವೇ ಅರ್ಧ ಡಿಗ್ರಿ. ಅಂದರೆ ಎರಡು ಸೂರ್ಯನಷ್ಟು ತಪ್ಪು. ಸಂಖ್ಯೆ ಹಾಕಿ ಮತ್ತೆ ಪ್ಲೇ ಒತ್ತಿದೆ. ಬಿಸಿಲು ಒಳಗೆ ಬಂತು, ಗೂಡಿನಿಂದ ಹತ್ತಿರ ಹತ್ತಿರ ಅರ್ಧ ಮೀಟರ್ ಆಚೆ, ಬರೀ ಗೋಡೆಯ ಮೇಲೆ ಬಿತ್ತು. ಯಾರೂ ಮಾತಾಡಲಿಲ್ಲ. ಪ್ರೊಜೆಕ್ಟರ್ ಫ್ಯಾನಿನ ಸದ್ದು ಅಷ್ಟು ಜೋರು ಅಂತ ಅವತ್ತೇ ಗೊತ್ತಾಗಿದ್ದು.

ಕೊನೆಗೆ ಮ್ಯಾನೇಜರ್, "ಒಂದು ಡಿಗ್ರಿ ತಾನೇ? ಮಾಡೆಲನ್ನೇ ಸ್ವಲ್ಪ ತಿರುಗಿಸೋಕೆ ಆಗಲ್ವಾ?"

"ತಿರುಗಿಸಿದ್ದು ಸಾಕು" ಅಂದರು ಮೇಡಂ.

ಸ್ಕ್ಯಾನ್ ತಂಡದ ಪಿಡಿಎಫ್‌ನಲ್ಲಿ ಗ್ರಿಡ್ ಉತ್ತರ ಅಂತ ಒಂದು ಸಾಲು ಇತ್ತಂತೆ. ಆ ಪಿಡಿಎಫ್ ಯಾರು ಓದುತ್ತಾರೆ ಹೇಳಿ! ಸರಿ, ನಾನು ಓದಬೇಕಿತ್ತು. ಆದರೆ ಈ ಸಾಫ್ಟ್‌ವೇರ್ ಕೂಡ ಸೊನ್ನೆ ಕಂಡಾಗ ಒಂದು ಮಾತು ಕೇಳಬಾರದಾ?

ಪರೀಕ್ಷೆ ಮಾಡುವುದು ಎಷ್ಟು ಸುಲಭ ಅಂತ ಮೇಡಂ ಆಮೇಲೆ ತೋರಿಸಿಕೊಟ್ಟರು. ಜಾಗದಲ್ಲಿ ತೆಗೆದ, ಗಂಟೆ ನಿಮಿಷ ಸಮೇತ ಇರುವ ಒಂದು ಫೋಟೊ ಸಾಕು. ಅದೇ ಹೊತ್ತನ್ನು ಸ್ಟೆಲೇರಿಯಂನಲ್ಲಿ ಹಾಕಿ ಕಂಬದ ನೆರಳು ಕೂಡಿ ಬರುತ್ತಾ ನೋಡಿದರೆ ಆಯಿತು. ಅಂಥ ಫೋಟೊಗಳು ನನ್ನ ಫೋಲ್ಡರ್‌ನಲ್ಲೇ ರಾಶಿ ಇದ್ದವು. ಮೆಶ್‌ಗೆ ಬಣ್ಣ ಕೊಡಲು ಅವನ್ನೇ ಬಳಸಿದ್ದೆ. ನೆರಳು ಅಸಹ್ಯವಾಗಿ ಕಾಣುತ್ತೆ ಅಂತ ಎರಡು ದಿನ ಕೂತು ಅದನ್ನೆಲ್ಲ ಅಳಿಸಿಯೂ ಇದ್ದೆ.